ಹಳ್ಳಿಯ ಹಿತ್ತಿಲಿಗೆ ಹಣ್ಣಿನ ಗಿಡ ತಂದ ಡಾ. ಮರಿಗೌಡರು



ಪೇಟೆಯಲ್ಲಿ ಕೆಂಪಗೆ ಹೊಳೆಯುವ ಪ್ಲಮ್ ಹಣ್ಣನ್ನು ಕಂಡಾಗ, ನಮ್ಮ ಶಿವನಿಯ ಹಿತ್ತಿಲಲ್ಲೂ ಇಂಥದೊಂದು ಗಿಡ ಇರಬಾರದೇಕೆ ಎಂದು ನಿಮಗೆ ಅನ್ನಿಸಿರಬಹುದು. ಆಸೆ ತಪ್ಪಲ್ಲ. ಆದರೆ ಗುಳಿ ತೋಡುವ ಮೊದಲು, ನಮ್ಮ ಹಳ್ಳಿಗಳಿಗೆ ಹಣ್ಣಿನ ಗಿಡಗಳನ್ನು ಮುಟ್ಟಿಸಿದ ಡಾ. ಎಂ. ಎಚ್. ಮರಿಗೌಡರ ಬಾಳನ್ನು ಸ್ವಲ್ಪ ತಿಳಿಯಿರಿ. ನಿಮ್ಮ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ.

ಮರಿಗೌಡರು ಹುಟ್ಟಿದ್ದು 1916ರ ಆಗಸ್ಟ್ 8ರಂದು, ಮೈಸೂರು ಜಿಲ್ಲೆಯ ಬನ್ನೂರು ಕಡೆಯ ರೈತಾಪಿ ಸೀಮೆಯಲ್ಲಿ. ಸಸ್ಯಶಾಸ್ತ್ರ ಓದಿ 1942ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಲಸಕ್ಕೆ ಸೇರಿದರು. ಮುಂದೆ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದು, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿ ಬಂದರು. ಅಷ್ಟು ಓದಿದವರು ಪಟ್ಟಣದ ಹೂದೋಟ ನೋಡಿಕೊಂಡು ಹಾಯಾಗಿ ಇದ್ದುಬಿಡಬಹುದಿತ್ತು. 1951ರಲ್ಲಿ ತೋಟಗಾರಿಕೆಯ ಹೊಣೆ ಕೈಗೆ ಬಂದಾಗ ಅವರು ನೋಡಿದ್ದು ಹಳ್ಳಿಯ ಕಡೆಗೆ.

ಆ ಕಾಲದಲ್ಲಿ ಒಳ್ಳೆಯ ಕಸಿ ಗಿಡ ಬೇಕೆಂದರೆ ರೈತನು ದೂರದ ಊರಿಗೆ ಹೋಗಬೇಕಿತ್ತು. ಇಲ್ಲವಾದರೆ ತಿಂದೆಸೆದ ಮಾವಿನ ಓಟೆಯಿಂದ ಎದ್ದ ಸಸಿಯನ್ನೇ ನೆಟ್ಟು ಕಾಯಬೇಕಿತ್ತು. ಓಟೆಯ ಗಿಡ ಫಲ ಕೊಡಲು ಆರೇಳು ವರ್ಷವಾದರೂ ಬೇಕು. ಕೊಟ್ಟ ಹಣ್ಣು ತಾಯಿ ಮರದಂತೆಯೇ ಇರುತ್ತದೆಂಬ ಭರವಸೆಯೂ ಇಲ್ಲ. ಕಸಿ ಗಿಡವಾದರೆ ಮೂರು ನಾಲ್ಕು ವರ್ಷಕ್ಕೇ ಕಾಯಿ ಕಚ್ಚುತ್ತದೆ, ತಾಯಿಯ ಗುಣವನ್ನೇ ತರುತ್ತದೆ. ಬಡ ರೈತನಿಗೆ ಈ ವರ್ಷಗಳ ಲೆಕ್ಕ ಸಣ್ಣದಲ್ಲ.

ಇದನ್ನು ಅರಿತ ಮರಿಗೌಡರು ರಾಜ್ಯದ ಉದ್ದಗಲಕ್ಕೂ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆಯಿಸಿದರು. ಅವುಗಳ ಸಂಖ್ಯೆ 300ನ್ನು ಮೀರಿತು. ಅಲ್ಲಿ ಒಳ್ಳೆಯ ತಾಯಿ ಮರಗಳನ್ನು ಬೆಳೆಸಿ, ಕಸಿ ಕಟ್ಟಿ, ರೈತರಿಗೆ ಗಿಡ ಕೊಡುವ ಏರ್ಪಾಡು ಆಯಿತು. ಮಳೆಯನ್ನೇ ನಂಬಿದ ಹೊಲದಲ್ಲೂ ಹಣ್ಣು ಬೆಳೆಯಬಹುದೆಂದು ಅವರು ಒತ್ತಿ ಹೇಳುತ್ತಿದ್ದರು. 1963ರಲ್ಲಿ ತೋಟಗಾರಿಕೆಯು ಕೃಷಿ ಇಲಾಖೆಯಿಂದ ಬೇರೆಯಾಗಿ ಸ್ವತಂತ್ರ ಇಲಾಖೆಯಾಯಿತು. ಅದರ ಮುಖ್ಯಸ್ಥರೂ ಅವರೇ.

ಬೆಳೆದರೆ ಸಾಲದು, ಮಾರಬೇಕಲ್ಲವೇ? 1959ರಲ್ಲಿ ಬೆಂಗಳೂರಿನ ಸುತ್ತಲ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿದ್ದು ಅವರ ಮುತುವರ್ಜಿಯಿಂದ. ಅದೇ ಸಂಘ ಮುಂದೆ ಹಾಪ್‌ಕಾಮ್ಸ್ ಎಂದು ಹೆಸರಾಯಿತು. 1974ರಲ್ಲಿ ನಿವೃತ್ತರಾದ ಮರಿಗೌಡರು 1993ರಲ್ಲಿ ಕಾಲವಾದರು. ಲಾಲ್‌ಬಾಗಿನ ತೋಟಗಾರಿಕೆ ಗ್ರಂಥಾಲಯಕ್ಕೆ ಅವರ ಹೆಸರಿದೆ.

ಈಗ ಪ್ಲಮ್ ವಿಚಾರಕ್ಕೆ ಬನ್ನಿ. ಅದು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುವ ಮರ. ಹೆಚ್ಚಿನ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಕ್ಕಬೇಕು. ಆಗಲೇ ಮೊಗ್ಗು ಸರಿಯಾಗಿ ಒಡೆದು ಹೂ ಕಟ್ಟುತ್ತದೆ. ಆದ್ದರಿಂದಲೇ ನೀಲಗಿರಿಯ ಕೂನೂರು, ಕೋಟಗಿರಿಯಂಥ ಎತ್ತರದ ಊರುಗಳಲ್ಲಿ ಅದು ಫಲ ಕೊಡುತ್ತದೆ. ಶಿವನಿಯ ಬಯಲಿನಲ್ಲಿ ಅಷ್ಟು ಚಳಿ ಎಲ್ಲಿಂದ ಬರಬೇಕು? ಗಿಡ ಸೊಂಪಾಗಿ ಚಿಗುರಿದರೂ ಹಣ್ಣಿನ ಆಸೆ ಹಾಗೆಯೇ ಉಳಿದೀತು. ಮನೆಗೆ ಬಂದ ಮಾರಾಟಗಾರನ ಮಾತು ಕೇಳಿ ಹಣ ತೆತ್ತು, ಐದು ವರ್ಷ ನೀರು ಹೊಯ್ದು ಬರಿಗೈಯಾಗಬೇಡಿ.

ಅದೇ ಜಾಗದಲ್ಲಿ ಸೀಬೆ, ಸಪೋಟ, ದಾಳಿಂಬೆ, ನಿಂಬೆ, ಕಸಿ ಬೋರೆ ಯಾವುದನ್ನಾದರೂ ಇಡಿ. ಮುಂಗಾರಿಗೆ ಮೊದಲೇ ಎರಡೂವರೆ ಅಡಿ ಉದ್ದ, ಅಗಲ, ಆಳದ ಗುಳಿ ತೋಡಿ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಒಂದೆರಡು ಮಳೆ ಬಿದ್ದ ಮೇಲೆ ಗಿಡ ನೆಡಿ. ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗೆ ಒಡೆಯುವ ಚಿಗುರನ್ನು ಆಗಾಗ ಚಿವುಟಿ. ಬಿಟ್ಟರೆ ಅದೇ ಬಲಿತು ಕಸಿಯನ್ನು ಸಾಯಿಸುತ್ತದೆ. ಗಾಳಿಗೆ ಅಲುಗದಂತೆ ಊರುಗೋಲು ಕಟ್ಟಿ, ಮೇಕೆ ಬಾಯಿ ಹಾಕದಂತೆ ಮುಳ್ಳುಬೇಲಿ ಹಾಕಿ.

ಮರಿಗೌಡರು ದೂರದ ದೇಶಗಳನ್ನು ಕಂಡು ಬಂದವರು. ಆದರೂ ನಮ್ಮ ನೆಲಕ್ಕೆ ಒಗ್ಗುವ ಗಿಡವನ್ನು ರೈತನ ಕೈಗೆಟಕುವಂತೆ ಮಾಡಿದ್ದೇ ಅವರ ದೊಡ್ಡ ಕೆಲಸ. ಹೊಸ ಗಿಡ ಯಾವುದನ್ನೇ ಕೊಳ್ಳುವ ಮೊದಲು ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹೋಗಿ, ಇದು ನಮ್ಮೂರಿಗೆ ಆಗುತ್ತದೆಯೇ ಎಂದು ಕೇಳಿ. ಕೇಳುವುದಕ್ಕೆ ಕಾಸು ಬೇಕಿಲ್ಲ.