ಹಿಮಹಲಗೆಗೆ ನಡುವನ್ನಿತ್ತ ಸೋಂದ್ರೆ ನೋರ್‌ಹೈಮ್

ಹೊಟ್ಟೆಪಾಡಿಗಾಗಿ ಹುಟ್ಟಿದೂರನ್ನು ಬಿಟ್ಟು ಪರಸ್ಥಳವನ್ನು ಸೇರಿದವನು ತನ್ನೊಡನೆ ಒಯ್ಯಬಲ್ಲ ಆಸ್ತಿಯೆಂದರೆ ಕೈಯಲ್ಲಿರುವ ಕಸುಬೊಂದೇ. ಹೋದ ಊರಿನಲ್ಲಿ ಆ ಕಸುಬಿಗೆ ಬೆಲೆಯಿದ್ದರೆ ಅವನು ಬದುಕಿದನು. ದೋಸೆ ಹೊಯ್ಯಬಲ್ಲವನಿಗೆ ಮುಂಬಯಿಯಲ್ಲಿ ಅನ್ನ ಹುಟ್ಟಿತು. ಲೆಕ್ಕ ಬರೆಯಬಲ್ಲವನಿಗೆ ದಿಲ್ಲಿಯ ಕಚೇರಿಯಲ್ಲಿ ಕುರ್ಚಿ ದೊರೆಯಿತು. ಆದರೆ ಹೋದ ದೇಶದಲ್ಲಿ ಆ ಕಸುಬಿಗೆ ಎಡೆಯೇ ಇಲ್ಲದಿದ್ದರೆ ಏನು ಗತಿ? ಬೆಟ್ಟವನ್ನಿಳಿಯುವ ವಿದ್ಯೆಯಲ್ಲಿ ಲೋಕಕ್ಕೇ ಗುರುವೆನಿಸಿದವನೊಬ್ಬನು ಮುದಿವಯಸ್ಸಿನಲ್ಲಿ ಬೆಟ್ಟವೇ ಇಲ್ಲದ ಬಯಲಿಗೆ ಹೋಗಿ ಅಲ್ಲಿಯೇ ಮಣ್ಣಾದನು. ನಾರ್ವೆ ದೇಶದ ಆ ಬಡ ಒಕ್ಕಲಿನ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶವಾಗಿದೆ.

ಹಿಮವನ್ನು ಕಣ್ಣಾರೆ ಕಂಡ ಕನ್ನಡಿಗರು ನಮ್ಮಲ್ಲಿ ವಿರಳ. ದಿಲ್ಲಿಯ ಬಂಧುಗಳಲ್ಲಿ ಕೆಲವರು ಸಿಮ್ಲೆಗೆ ಹೋಗಿ ನೋಡಿರಬಹುದು. ಉಳಿದವರಿಗೆ ಹಿಮವೆಂದರೆ ಹೋಟೆಲಿನ ಐಸು ಪೆಟ್ಟಿಗೆಯೊಳಗಿನ ಗಡ್ಡೆಯೇ. ಆದುದರಿಂದ ಒಂದೆರಡು ಮಾತುಗಳಲ್ಲಿ ವಿಷಯವನ್ನು ಬಿಡಿಸಿ ಹೇಳುವುದು ಅವಶ್ಯ. ಹೊಸದಾಗಿ ಬಿದ್ದ ಹಿಮವು ಅರಳೆಯಂತೆ ಸಡಿಲವಾಗಿರುತ್ತದೆ. ಬೂಟು ತೊಟ್ಟು ಅದರ ಮೇಲೆ ಕಾಲಿಟ್ಟವನು ಮೊಣಕಾಲಿನವರೆಗೆ, ಕೆಲವೆಡೆ ಸೊಂಟದವರೆಗೆ ಹೂತುಹೋಗುತ್ತಾನೆ. ಆದುದರಿಂದ ಉತ್ತರದ ಜನರು ಸಾವಿರಾರು ವರುಷಗಳ ಹಿಂದೆಯೇ ಪಾದಗಳ ಅಡಿಗೆ ಉದ್ದವಾದ ಮರದ ಹಲಗೆಗಳನ್ನು ಕಟ್ಟಿಕೊಂಡು ನಡೆಯಲು ಕಲಿತರು. ಈ ಹಲಗೆಗೇ ಸ್ಕೀ ಎಂದು ಹೆಸರು; ಸೀಳಿದ ಮರದ ತುಂಡು ಎಂಬುದೇ ಆ ಪದದ ಮೂಲಾರ್ಥ. ಕೆಸರುಗದ್ದೆಯಲ್ಲಿ ಬರಿಗಾಲಿನವನು ಹೂತುಹೋಗುವನು, ಹಲಗೆಯ ಮೇಲೆ ನಿಂತವನು ಹೂಳನು ಎಂಬುದನ್ನು ಬಲ್ಲ ನಮ್ಮ ರೈತರಿಗೆ ಇದರ ಮರ್ಮವು ಕೂಡಲೇ ತಿಳಿಯುವುದು.

ಲೆಕ್ಕವನ್ನು ಬಲ್ಲ ಗುಮಾಸ್ತ ಬಂಧುಗಳು ಇದನ್ನು ಅಂಕೆಗಳಲ್ಲಿಯೂ ನೋಡಬಹುದು. 60 ಕಿಲೋ ತೂಕದ ಮನುಷ್ಯನ ಎರಡು ಬೂಟುಗಳ ಅಡಿಯು ಸುಮಾರು 500 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 120 ಗ್ರಾಂ ಭಾರ ಬೀಳುತ್ತದೆ. ಅದೇ ಮನುಷ್ಯನು 240 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಎರಡು ಹಲಗೆಗಳ ಮೇಲೆ ನಿಂತರೆ ಆ ಭಾರವು 18 ಗ್ರಾಂಗೆ ಇಳಿಯುತ್ತದೆ. ತೇಲುವುದರ ಗುಟ್ಟೆಲ್ಲವೂ ಇಷ್ಟೇ. ಆದರೆ ತೇಲುವುದು ಬೇರೆ, ತಿರುಗುವುದು ಬೇರೆ. ಇಳಿಜಾರಿನಲ್ಲಿ ಬಾಣದಂತೆ ಧಾವಿಸುವ ಹಲಗೆಯನ್ನು ಮರದ ಬುಡಕ್ಕೆ ಬಡಿಯದಂತೆ ತಿರುಗಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರವಿತ್ತವರಲ್ಲಿ ಸೋಂದ್ರೆ ನೋರ್‌ಹೈಮನು ಅಗ್ರಗಣ್ಯನು.

ಸೋಂದ್ರೆಯು 1825ನೆಯ ಜೂನ್ 10ರಂದು ನಾರ್ವೆಯ ಟೆಲೆಮಾರ್ಕ್ ಪ್ರಾಂತದ ಮೋರ್ಗೆದಾಲ್ ಕಣಿವೆಯಲ್ಲಿ, ಓವರ್ಬೋ ಎಂಬ ಚಿಕ್ಕ ಬಿಡಾರದಲ್ಲಿ ಜನಿಸಿದನು. ಕುಟುಂಬಕ್ಕೆ ಸ್ವಂತ ಭೂಮಿಯಿರಲಿಲ್ಲ. ಧಣಿಯ ಹೊಲದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು, ಅದಕ್ಕೆ ಪ್ರತಿಯಾಗಿ ಧಣಿಯ ಹೊಲದಲ್ಲಿ ದುಡಿಯುವ ಒಕ್ಕಲುಗಳ ಪೈಕಿ ಅವರೂ ಒಬ್ಬರು. ನಮ್ಮ ಕರಾವಳಿಯ ಗೇಣಿಯ ಕಷ್ಟವನ್ನು ಕೇಳಿಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗನ ಹೆಸರಿಗೆ ತಂದೆಯ ಹೆಸರನ್ನು ಸೇರಿಸುವುದು ಅಲ್ಲಿನ ವಾಡಿಕೆಯಾದುದರಿಂದ ಆತನು ಸೋಂದ್ರೆ ಔವರ್ಸನ್ ಆಗಿದ್ದನು. ಮುಂದೆ ವಾಸವಾಗಿದ್ದ ನೋರ್‌ಹೈಮ್ ಎಂಬ ಬಿಡಾರದ ಹೆಸರೇ ಆತನ ಹೆಸರಾಯಿತು. ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಜೊತೆಗಿಟ್ಟುಕೊಂಡು ನಡೆಯುವ ನಮಗೆ ಈ ಪದ್ಧತಿಯು ಪರಕೀಯವೆನಿಸದು. ಆತನು ಹುಟ್ಟಿದ ವರುಷವೇ, 1825ರ ಜುಲೈ ತಿಂಗಳಿನಲ್ಲಿ, ನಾರ್ವೆಯಿಂದ ಅಮೆರಿಕಕ್ಕೆ ವಲಸೆಗಾರರ ಮೊದಲ ತಂಡವು ರೆಸ್ಟೊರೇಷನ್ ಎಂಬ ಪುಟ್ಟ ಹಡಗಿನಲ್ಲಿ ಹೊರಟಿತೆಂಬುದು ಒಂದು ವಿಚಿತ್ರ ಯೋಗಾಯೋಗ. ಆ ಹಾದಿಯು ಒಂದು ದಿನ ಸೋಂದ್ರೆಯನ್ನೂ ಕರೆಯಲಿದ್ದಿತು.

ಆ ಕಣಿವೆಯಲ್ಲಿ ಚಳಿಗಾಲ ಬಂದರೆ ನೆರೆಮನೆಗೆ ಹೋಗಬೇಕಾದರೂ ಸ್ಕೀ ಬೇಕು. ಆ ಕಾಲದ ಹಲಗೆಗಳು ಮೂರು ಮೀಟರಿನಷ್ಟು ಉದ್ದವಾಗಿ, ಹೆಚ್ಚುಕಡಿಮೆ ನೇರವಾಗಿ ಇರುತ್ತಿದ್ದವು. ಪಾದದ ಮುಂಭಾಗವನ್ನು ಮಾತ್ರ ಒಂದು ಪಟ್ಟಿಯೊಳಕ್ಕೆ ತೂರಿಸುವುದು. ಹಿಮ್ಮಡಿಗೆ ಯಾವ ಹಿಡಿತವೂ ಇಲ್ಲ. ಇಳಿಜಾರಿನಲ್ಲಿ ವೇಗವನ್ನು ತಗ್ಗಿಸಲು ಒಂದು ದಪ್ಪ ಕೋಲನ್ನು ಹಿಮಕ್ಕೆ ಊರಿ, ಅದರ ಮೇಲೆ ಭಾರ ಬಿಟ್ಟು ಇಳಿಯುವುದೇ ರೂಢಿ. ಹಾರಿದರೆ ಹಲಗೆಯು ಕಾಲಿನಿಂದ ಕಳಚಿಕೊಂಡು ತನ್ನ ದಾರಿಯನ್ನು ತಾನು ಹಿಡಿಯುವುದು.

ಬಡತನದಲ್ಲಿ ಬೆಳೆದ ಸೋಂದ್ರೆಗೆ ಈ ಹಲಗೆಗಳೇ ಆಟ, ಅವೇ ಸಂಪತ್ತು. ಹೊಲದ ಗೇಯ್ಮೆಗಿಂತಲೂ ಗುಡ್ಡದ ಇಳಿಜಾರೇ ಆತನಿಗೆ ಹೆಚ್ಚು ಪ್ರಿಯವಾಗಿತ್ತೆಂದು ಊರವರು ಆಡಿಕೊಳ್ಳುತ್ತಿದ್ದರಂತೆ. ಬಂಡೆಗಳ ಮೇಲಿಂದಲೂ ಮನೆಯ ಮಾಡಿನ ಮೇಲಿಂದಲೂ ಹಾರುವ ಸಾಹಸ ಆತನದು. ಹಾಗೆ ಹಾರಬೇಕಾದರೆ ಹಲಗೆಯು ಕಾಲಿಗೆ ಅಂಟಿಕೊಂಡಿರಬೇಕು. ಇದಕ್ಕಾಗಿ ಆತನು ಮರದ ಎಳೆಯ ಬೇರುಗಳನ್ನೂ ಬಳುಕುವ ಕಡ್ಡಿಗಳನ್ನೂ ಹಗ್ಗದಂತೆ ಹೊಸೆದು, ಹಿಮ್ಮಡಿಯನ್ನು ಬಳಸಿ ಬರುವಂತೆ ಕಟ್ಟಿದನು. ಹಿಮ್ಮಡಿ ಮೇಲೇಳಬಹುದು, ಆದರೆ ಹಲಗೆ ಕಳಚದು. ಎರಡನೆಯದಾಗಿ ಹಲಗೆಯ ಉದ್ದವನ್ನು 240 ಸೆಂಟಿಮೀಟರಿನ ಆಸುಪಾಸಿಗೆ ಇಳಿಸಿದನು. ಮೂರನೆಯದಾಗಿ ಹಲಗೆಯ ಎರಡು ತುದಿಗಳನ್ನು ಅಗಲವಾಗಿಯೂ ಕಾಲಿಡುವ ನಡುಭಾಗವನ್ನು ಸಪುರವಾಗಿಯೂ ಕೆತ್ತಿದನು. ಇವೆಲ್ಲವನ್ನೂ ಆತನೊಬ್ಬನೇ ಮೊದಲು ಕಂಡುಹಿಡಿದನೆಂದು ಹೇಳುವುದು ಅತಿಶಯೋಕ್ತಿಯಾದೀತು. ಟೆಲೆಮಾರ್ಕಿನ ಹಳ್ಳಿಗರಲ್ಲಿ ಇಂತಹ ಪ್ರಯತ್ನಗಳು ಅದಾಗಲೇ ನಡೆದಿದ್ದವು. ಅವುಗಳನ್ನು ಒಂದುಗೂಡಿಸಿ, ತನ್ನ ಮೈಯಲ್ಲಿ ಪಳಗಿಸಿ, ಲೋಕಕ್ಕೆ ತೋರಿಸಿಕೊಟ್ಟ ಕೀರ್ತಿ ಮಾತ್ರ ಆತನದೇ.

ಸಪುರವಾದ ನಡುವಿನಿಂದ ಆಗುವ ಲಾಭವೇನು? ಅಂತಹ ಹಲಗೆಯನ್ನು ಅಂಚಿನ ಮೇಲೆ ಓರೆಮಾಡಿದಾಗ ಮೊದಲು ಎರಡು ತುದಿಗಳು ಹಿಮವನ್ನು ಮುಟ್ಟುತ್ತವೆ. ನಡುಭಾಗವು ಮೇಲೆಯೇ ನಿಲ್ಲುತ್ತದೆ. ಮನುಷ್ಯನ ಭಾರವು ನಡುವನ್ನು ಕೆಳಕ್ಕೆ ಒತ್ತಿದಾಗ ಹಲಗೆಯು ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಅಂಚು ಹಿಮದಲ್ಲಿ ಕಮಾನಿನಾಕಾರದ ಗೆರೆಯನ್ನು ಕೊರೆಯುತ್ತದೆ. ಹಲಗೆಯು ಆ ಗೆರೆಯನ್ನೇ ಹಿಡಿದು ತಿರುಗುತ್ತದೆ. ಅಂದರೆ ತಿರುಗುವ ಬುದ್ಧಿಯನ್ನು ಮನುಷ್ಯನು ಹಲಗೆಗೇ ಕಲಿಸಿದಂತಾಯಿತು. ಕೋಲನ್ನು ಊರಿ ಹೆಣಗಬೇಕಾದ ಪ್ರಮೇಯವು ತಪ್ಪಿತು.

1868ನೆಯ ಫೆಬ್ರುವರಿಯಲ್ಲಿ ರಾಜಧಾನಿಯಾದ ಕ್ರಿಸ್ಟಿಯಾನಿಯಾದಲ್ಲಿ, ಎಂದರೆ 1925ರಿಂದ ಓಸ್ಲೋ ಎಂದು ಕರೆಯಲ್ಪಡುವ ನಗರದಲ್ಲಿ, ಒಂದು ದೊಡ್ಡ ಸ್ಪರ್ಧೆ ಏರ್ಪಟ್ಟಿತು. ಮೋರ್ಗೆದಾಲಿನಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ಸೋಂದ್ರೆಯು ಸಂಗಡಿಗರೊಡನೆ ಅಷ್ಟು ದೂರವನ್ನೂ ಸ್ಕೀ ಹಲಗೆಗಳ ಮೇಲೆಯೇ ಕ್ರಮಿಸಿ ಬಂದನು. ಆಗ ಆತನಿಗೆ 42 ವರುಷ ವಯಸ್ಸು; ಎದುರಾಳಿಗಳಲ್ಲಿ ಹಲವರು ಆತನ ಅರ್ಧ ಪ್ರಾಯದವರು. ನಗರದ ಜನರು ಕೋಲನ್ನು ಬ್ರೇಕಿನಂತೆ ಬಳಸಿ ಇಳಿಯುತ್ತಿದ್ದರೆ, ಹಳ್ಳಿಯಿಂದ ಬಂದ ಈ ಬಡವನು ಕೋಲಿನ ಹಂಗಿಲ್ಲದೆ ಹಾರಿ, ಬಿದ್ದು ಹೊರಳದೆ ನೆಟ್ಟಗೆ ನಿಂತು, ಮೋಹಕವಾದ ತಿರುವಿನೊಂದಿಗೆ ಬಂದು ನಿಂತನು. ಮೊದಲನೆಯ ಬಹುಮಾನವು ಆತನಿಗೇ ಸಂದಿತು.

ಒಂದು ಕಾಲನ್ನು ಮುಂದಿಟ್ಟು ಮಂಡಿಯನ್ನು ಬಾಗಿಸಿ ತಿರುಗುವ ಪದ್ಧತಿಗೆ ಮುಂದೆ ಟೆಲೆಮಾರ್ಕ್ ಎಂದೂ, ಎರಡು ಹಲಗೆಗಳನ್ನು ಜೋಡಿಸಿಕೊಂಡು ತಿರುಗುವ ಪದ್ಧತಿಗೆ ಕ್ರಿಸ್ಟಿಯಾನಿಯಾ ಎಂದೂ ಹೆಸರಾಯಿತು. ಸ್ಲಾಲಂ ಎಂಬ ಪದವೂ ಆ ಪ್ರಾಂತದ ಆಡುನುಡಿಯಿಂದಲೇ ಜಗತ್ತಿಗೆ ಬಂದಿತು. ಪ್ರಾಂತಕ್ಕೆ ಹೆಸರು ಬಂದಿತು, ರಾಜಧಾನಿಗೆ ಹೆಸರು ಬಂದಿತು. ಗೇಣಿಯ ಒಕ್ಕಲಿನ ಹೆಸರು ಮಾತ್ರ ಯಾವ ತಿರುವಿಗೂ ಅಂಟಲಿಲ್ಲ. ಆತನನ್ನು ನೋಡಿ ಕಲಿತ ಮೋರ್ಗೆದಾಲಿನ ಹೆಮ್ಮೆಸ್ಟ್ವೈಟ್ ಸಹೋದರರು 1881ರಲ್ಲಿ ರಾಜಧಾನಿಯಲ್ಲಿ ಸ್ಕೀ ಶಾಲೆಯನ್ನೇ ತೆರೆದರು.

ಆತನ ಹಲಗೆಯ ಮುಂದಿನ ಚರಿತ್ರೆಯನ್ನೂ ಇಲ್ಲಿಯೇ ಹೇಳಿಬಿಡುವುದು ಉಚಿತ. ಇಂದು ಪೇಟೆಯಲ್ಲಿ ದೊರೆಯುವ ಹಲಗೆಗಳನ್ನು ನಡುವಿನ ಅಗಲದಿಂದಲೇ ವರ್ಗೀಕರಿಸುತ್ತಾರೆ. ಯಂತ್ರದಿಂದ ಒತ್ತಿ ಗಟ್ಟಿಮಾಡಿದ ಹಿಮಕ್ಕೆ 65ರಿಂದ 80 ಮಿಲಿಮೀಟರ್ ನಡುವಿನ ಸಪುರ ಹಲಗೆ; ಎಲ್ಲ ಬಗೆಯ ಹಿಮಕ್ಕೂ ಸಲ್ಲುವಂತೆ 85ರಿಂದ 105 ಮಿಲಿಮೀಟರಿನದು; ಆಳವಾದ ಪುಡಿಹಿಮಕ್ಕೆ 110ನ್ನು ಮೀರಿದ ಅಗಲದ್ದು. 185 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲದ ಜೋಡಿಯು ಸೋಂದ್ರೆಯ ಕಾಲದ ಜೋಡಿಗಿಂತ 55 ಸೆಂಟಿಮೀಟರ್ ಗಿಡ್ಡವಾದರೂ ಹೆಚ್ಚು ವಿಸ್ತೀರ್ಣವುಳ್ಳದ್ದು. ಮೇಲಿನ ಲೆಕ್ಕದಂತೆ ಭಾರವು 15 ಗ್ರಾಂಗಿಂತಲೂ ಕೆಳಗಿಳಿಯುವುದು. ಪುಡಿಹಿಮದಲ್ಲಿ ಅದು ದೋಣಿಯಂತೆ ತೇಲುವುದು. ಆದರೆ ಅದನ್ನೇ ಗಟ್ಟಿಹಿಮಕ್ಕೆ ತಂದರೆ ಅಂಚು ಪಾದದ ಮಧ್ಯದಿಂದ ದೂರವಿರುವುದರಿಂದ ಓರೆಮಾಡಲು ಹೆಚ್ಚು ಬಲ ಬೇಕಾಗಿ, ಮೊಣಕಾಲು ಬೇಗನೆ ದಣಿಯುವುದು. ಒಂದಂಚಿನಿಂದ ಇನ್ನೊಂದಂಚಿಗೆ ಹೊರಳುವುದೂ ನಿಧಾನ. ಸಪುರ ಹಲಗೆಯು ಅಲ್ಲಿ ಚೂರಿಯಂತೆ ಕೊರೆಯುವುದು, ಪುಡಿಹಿಮದಲ್ಲಿ ಮಾತ್ರ ಮುಳುಗುವುದು. ಮಧ್ಯಮ ಅಗಲದ್ದು ಎರಡೂ ಕಡೆ ಕೆಲಸ ನಡೆಸಿಕೊಟ್ಟರೂ ಎರಡರಲ್ಲಿಯೂ ಮೊದಲನೆಯದಾಗದು. ಹೋಟೆಲು ನಡೆಸಿ ಬಂದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಾಣಲೆಯಲ್ಲಿ ದೋಸೆ ಹೊಯ್ದರೂ ಹೊಟ್ಟೆ ತುಂಬುವುದು; ಆದರೆ ಅದು ಕಾವಲಿಯ ದೋಸೆಯಾಗದು.

1988ರಲ್ಲಿ ಆಸ್ಟ್ರಿಯಾದ ಅಟಾಮಿಕ್ ಕಾರಖಾನೆಯು ಪುಡಿಹಿಮಕ್ಕೆಂದೇ ಅಗಲವಾದ ಹಲಗೆಯನ್ನು ಹೊರತಂದಾಗ ನಕ್ಕವರಿದ್ದರು. 2000ದ ದಶಕದ ಆರಂಭದಲ್ಲಿ ಶೇನ್ ಮೆಕಾಂಕಿ ಎಂಬ ಸಾಹಸಿಯು ಇನ್ನೂ ಮುಂದೆ ಹೋಗಿ, ಸೋಂದ್ರೆಯು ಕೊಟ್ಟ ನಡುವನ್ನೇ ತೆಗೆದುಹಾಕಿ, ನಡುಭಾಗವು ಅಗಲವಾಗಿ ತುದಿಗಳು ಕಿರಿದಾಗಿ ಮೇಲೆದ್ದ ಹಲಗೆಯನ್ನು ಮಾಡಿಸಿದನು. ಅದರ ಹೆಸರು ಸ್ಪ್ಯಾಚುಲಾ. ನಮ್ಮ ಅಡುಗೆಮನೆಯಲ್ಲಿ ದೋಸೆ ಎಬ್ಬಿಸುವ ಸಟ್ಟುಗದಂತಹ ಸಾಧನದ ಹೆಸರೇ ಅದು! ಪುಡಿಹಿಮದಲ್ಲಿ ಅಂಚಿಗೆ ಸಿಗುವ ಗಟ್ಟಿನೆಲವೇ ಇಲ್ಲವಾದುದರಿಂದ ಅಲ್ಲಿ ಸಪುರ ನಡುವಿಗೆ ಕೆಲಸವಿಲ್ಲ. ಇದರಿಂದ ಸೋಂದ್ರೆಯು ಸೋತಂತಾಯಿತೆಂದು ತಿಳಿಯಬಾರದು. ಕಾಲಡಿಯ ಹಿಮವನ್ನು ನೋಡಿ ಹಲಗೆಯನ್ನು ಕೆತ್ತು ಎಂಬುದೇ ಆತನ ಪಾಠವಾಗಿತ್ತು. ಇವರು ಅದನ್ನೇ ಪಾಲಿಸಿದರು. 1927ರಷ್ಟು ಹಿಂದೆಯೇ ಸ್ಕೀ ಕ್ಲಬ್ಬನ್ನು ಕಂಡ ನಮ್ಮ ಕಾಶ್ಮೀರದ ಗುಲ್ಮಾರ್ಗದಲ್ಲಿಯೂ ಆಳವಾದ ಪುಡಿಹಿಮದಲ್ಲಿ ಇಳಿಯುವವರು ಅಗಲ ಹಲಗೆಗಳನ್ನೇ ಅರಸುತ್ತಾರೆ.

ಇನ್ನು ಸೋಂದ್ರೆಯ ಕಡೆಯ ದಿನಗಳು. ಬಹುಮಾನಗಳಿಂದ ಹೆಸರು ಬಂದಿತೇ ಹೊರತು ಭೂಮಿ ಬರಲಿಲ್ಲ. 1854ರಲ್ಲಿ ರನ್ನೈ ಎಂಬವಳನ್ನು ಮದುವೆಯಾಗಿದ್ದ ಆತನಿಗೆ ದೊಡ್ಡ ಸಂಸಾರವಿದ್ದಿತು. ಗೇಣಿಯ ನೆಲವು ಅಷ್ಟು ಬಾಯಿಗಳಿಗೆ ಸಾಲದಾಯಿತು. ಆ ಒಂದು ಶತಮಾನದಲ್ಲಿ ನಾರ್ವೆಯಿಂದ ಸುಮಾರು 8 ಲಕ್ಷ ಜನರು ಅಮೆರಿಕದ ಹಾದಿ ಹಿಡಿದರು. 1884ರಲ್ಲಿ, ಅರುವತ್ತರ ಹೊಸ್ತಿಲಲ್ಲಿ, ಸೋಂದ್ರೆಯೂ ಹೆಂಡತಿ ಮಕ್ಕಳೊಡನೆ ಹಡಗು ಹತ್ತಿದನು. ಮೊದಲು ಮಿನೆಸೋಟಾ, ಬಳಿಕ ಉತ್ತರ ಡಕೋಟಾ. ಅಲ್ಲಿ ಭೂಮಿ ದೊರೆಯಿತು. ಹಿಮವೂ ಧಾರಾಳವಾಗಿ ಬೀಳುತ್ತಿತ್ತು. ಆದರೆ ಕಣ್ಣು ಹಾಯುವಷ್ಟು ದೂರವೂ ಅಂಗೈಯಂತಹ ಬಯಲು! ಮೋರ್ಗೆದಾಲಿನ ಇಳಿಜಾರಿಗೆಂದು ಕೆತ್ತಿದ ಹಲಗೆಗೆ ಅಲ್ಲಿ ಇಳಿಯಲು ಸ್ಥಳವಿಲ್ಲ. ಆದರೂ ಆತನು ಮನೆಯ ಬಾಗಿಲ ಬಳಿ ಒಂದು ಜೊತೆ ಸ್ಕೀಗಳನ್ನು ಸದಾ ನಿಲ್ಲಿಸಿರುತ್ತಿದ್ದನೆಂದು ಹೇಳಿಕೆಯುಂಟು.

1897ನೆಯ ಮಾರ್ಚ್ 9ರಂದು ಆತನು ಮೃತನಾದನು. ಡೆನ್ಬಿ ಎಂಬಲ್ಲಿನ ಚರ್ಚಿನ ಸ್ಮಶಾನದಲ್ಲಿ ಆತನನ್ನು ಹೂಳಲಾಯಿತು. ಸಮಾಧಿಯ ಮೇಲೆ ಹೆಸರು ಕೆತ್ತಿದ ಒಂದು ಕಲ್ಲೂ ಬಹುಕಾಲ ಇರಲಿಲ್ಲ. ಲೋಕವು ತಡವಾಗಿಯಾದರೂ ಎಚ್ಚೆತ್ತಿತು. 1952ರಲ್ಲಿ ಓಸ್ಲೋದಲ್ಲಿ ಚಳಿಗಾಲದ ಒಲಿಂಪಿಕ್ ಪಂದ್ಯಗಳು ನಡೆದಾಗ ಅದರ ಜ್ಯೋತಿಯನ್ನು ಗ್ರೀಸಿನಿಂದ ತರಲಿಲ್ಲ. ಓವರ್ಬೋವಿನಲ್ಲಿ ಸೋಂದ್ರೆಯು ಹುಟ್ಟಿದ ಗುಡಿಸಲಿನ ಒಲೆಯಲ್ಲಿ ಹೊತ್ತಿಸಿದರು. 94 ಮಂದಿ ಸ್ಕೀಗಾರರು ಅದನ್ನು ಕೈಯಿಂದ ಕೈಗೆ ದಾಟಿಸುತ್ತ, 1868ರಲ್ಲಿ ಆತನು ರಾಜಧಾನಿಗೆ ಪಯಣಿಸಿದಂತೆಯೇ ಹಲಗೆಗಳ ಮೇಲೆ ಓಸ್ಲೋವಿಗೆ ಒಯ್ದರು. 1960ರಲ್ಲಿ ಅಮೆರಿಕದಲ್ಲಿ ಪಂದ್ಯಗಳು ನಡೆದಾಗಲೂ ಜ್ಯೋತಿಯು ಅದೇ ಒಲೆಯಿಂದ ಹೊರಟಿತು. ಉತ್ತರ ಡಕೋಟಾದ ಮೈನಾಟ್ ನಗರದಲ್ಲಿಯೂ ಈಗ ಆತನ ಪ್ರತಿಮೆಯಿದೆ.

ವಾಚಕರೇ, ಬಡವನ ಮನೆಯ ಒಲೆಯ ಬೆಂಕಿಗೆ ಇಷ್ಟು ಗೌರವ ಸಂದ ಸಂದರ್ಭವು ಚರಿತ್ರೆಯಲ್ಲಿ ಬಹಳವಿಲ್ಲ. ಆದರೆ ಆ ಗೌರವವನ್ನು ಕಾಣಲು ಆತನು ಉಳಿದಿರಲಿಲ್ಲವೆಂಬುದನ್ನೂ ಮರೆಯಬಾರದು. ನಮ್ಮ ನಡುವೆ, ಹೋಟೆಲಿನ ಭಟ್ಟಿಯ ಮುಂದೆಯೋ ಕಚೇರಿಯ ಮೂಲೆಯಲ್ಲಿಯೋ ದುಡಿಯುತ್ತಿರುವವರಲ್ಲಿ, ಊರಿನಲ್ಲಿ ಮದ್ದಲೆ ನುಡಿಸಿದವರು, ವೇಷ ಕಟ್ಟಿದವರು, ಮರ ಕೆತ್ತಿದವರು ಎಷ್ಟು ಮಂದಿಯಿಲ್ಲ! ಅವರ ಕಸುಬಿಗೆ ಈ ಪಟ್ಟಣಗಳಲ್ಲಿ ಇಳಿಜಾರು ದೊರೆಯದೆ ಹೋಗಿರಬಹುದು. ಅಂತಹವರನ್ನು ಬದುಕಿರುವಾಗಲೇ ಗುರುತಿಸಿ, ಸಂಘದ ವಾರ್ಷಿಕೋತ್ಸವದಲ್ಲಿ ಒಂದು ಗಂಟೆಯ ವೇದಿಕೆಯನ್ನಾದರೂ ಒದಗಿಸುವುದು ನಮ್ಮೆಲ್ಲರ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಕಲ್ಲು ನೆಡುವ ಕೆಲಸವನ್ನು ಆಮೇಲೆ ಯಾರಾದರೂ ಮಾಡಿಯಾರು.