ಹವಾಮಾನ ವೀಕ್ಷಣೆಗೆ ಒಂದೇ ಅಳತೆ ಬಯಸಿದ ಬಾಯ್ಸ್ ಬ್ಯಾಲಟ್

ಪ್ರೌಢಶಾಲೆಯಲ್ಲಿ ವಾಯುಗೋಳ ಘಟಕವನ್ನು ಬೋಧಿಸುವ ಪ್ರಶಿಕ್ಷಣಾರ್ಥಿಗಳು ಉಪಕರಣಗಳ ಹೆಸರು ಹೇಳಿಸಿ ಮುಂದೆ ಸಾಗುವುದುಂಟು. ಆ ಉಪಕರಣಗಳ ಅಂಕಿಗಳನ್ನು ದೇಶದೇಶಗಳು ಹಂಚಿಕೊಳ್ಳುವಂತೆ ಮಾಡಲು ದುಡಿದವರಲ್ಲಿ ಹಾಲೆಂಡಿನ ಅಧ್ಯಾಪಕ ಬಾಯ್ಸ್ ಬ್ಯಾಲಟ್ ಪ್ರಮುಖರು.

1817ರಲ್ಲಿ ಕ್ಲೂಟಿಂಗೆ ಎಂಬ ಊರಿನ ಪಾದ್ರಿಯೊಬ್ಬರ ಮನೆಯಲ್ಲಿ ಜನಿಸಿದ ಇವರು ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಓದಿ, 1847ರಲ್ಲಿ ಅಲ್ಲಿಯೇ ಗಣಿತದ ಪ್ರಾಧ್ಯಾಪಕರಾದರು. ಅದಕ್ಕೆ ಎರಡು ವರ್ಷ ಮೊದಲೇ ಡಾಪ್ಲರ್ ಪರಿಣಾಮವನ್ನು ಪರೀಕ್ಷಿಸಲು ರೈಲಿನಲ್ಲಿ ಕಹಳೆ ಊದುವವರನ್ನು ಕೂರಿಸಿ, ಹಳಿಯ ಪಕ್ಕದಲ್ಲಿ ಸ್ವರಜ್ಞಾನವುಳ್ಳ ಸಂಗೀತಗಾರರನ್ನು ನಿಲ್ಲಿಸಿದ್ದರು. ರೈಲು ಹತ್ತಿರ ಬಂದಾಗ ಸ್ವರ ಏರಿತು, ದೂರ ಸರಿದಾಗ ಇಳಿಯಿತು.

1854ರಲ್ಲಿ ಅವರ ನೇತೃತ್ವದಲ್ಲಿ ಡಚ್ ಹವಾಮಾನ ಸಂಸ್ಥೆ ಆರಂಭವಾಯಿತು. 1857ರಲ್ಲಿ ಅವರು ಪ್ರಕಟಿಸಿದ ನಿಯಮ ಸರಳವಾದುದು: ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನುಮಾಡಿ ನಿಂತರೆ ಕಡಿಮೆ ಒತ್ತಡದ ಪ್ರದೇಶ ಎಡಗಡೆ ಇರುತ್ತದೆ. ದಕ್ಷಿಣಾರ್ಧಗೋಳದಲ್ಲಿ ಇದು ತಿರುವುಮುರುವು. ಅಮೆರಿಕದ ಫೆರೆಲ್ ಇದನ್ನು ಸಿದ್ಧಾಂತದಿಂದ ಮೊದಲೇ ಕಂಡುಕೊಂಡಿದ್ದರೆಂದು ತಿಳಿದಾಗ ಬ್ಯಾಲಟ್ ಆ ಹಿರಿಮೆಯನ್ನು ಅವರಿಗೇ ಒಪ್ಪಿಸಿದರು. 1860ರಲ್ಲಿ ತಂತಿಯ ಮೂಲಕ ಹಡಗುಗಳಿಗೆ ಬಿರುಗಾಳಿಯ ಮುನ್ಸೂಚನೆ ನೀಡುವ ವ್ಯವಸ್ಥೆಯನ್ನೂ ಹಾಲೆಂಡಿನಲ್ಲಿ ತಂದರು.

ಆದರೆ ಬಿರುಗಾಳಿ ಗಡಿ ನೋಡಿ ನಿಲ್ಲುವುದಿಲ್ಲ. ಒಂದು ದೇಶ ಒತ್ತಡವನ್ನು ಇಂಚಿನಲ್ಲಿ ಅಳೆದರೆ ಇನ್ನೊಂದು ಮಿಲಿಮೀಟರಿನಲ್ಲಿ ಅಳೆಯುತ್ತಿತ್ತು. ಉಷ್ಣತೆಗೂ ಬೇರೆಬೇರೆ ಮಾನಗಳು, ವೀಕ್ಷಣೆಗೂ ಬೇರೆಬೇರೆ ವೇಳೆ. ಇಂಥ ಅಂಕಿಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸುವುದು ಕಷ್ಟ. ನಕ್ಷೆ ತಡವಾದರೆ ಕಡಲಿನಲ್ಲಿದ್ದವರ ಜೀವಕ್ಕೇ ಅಪಾಯ. ಆದ್ದರಿಂದ 1872ರಲ್ಲಿ ಏಕರೂಪದ ವೀಕ್ಷಣಾ ಪದ್ಧತಿಗಾಗಿ ಸಲಹೆಗಳನ್ನು ಬರೆದು ಪ್ರಕಟಿಸಿದರು. 1873ರಲ್ಲಿ ವಿಯೆನ್ನಾದಲ್ಲಿ ಮೊದಲ ಅಂತರರಾಷ್ಟ್ರೀಯ ಹವಾಮಾನ ಸಮ್ಮೇಳನ ಸೇರಿತು. ಅದು ನೇಮಿಸಿದ ಶಾಶ್ವತ ಸಮಿತಿಗೆ ಬ್ಯಾಲಟ್ ಅಧ್ಯಕ್ಷರಾದರು. 1879ರವರೆಗೆ ಆ ಹೊಣೆ ಹೊತ್ತರು. ಎಲ್ಲದರಲ್ಲೂ ಒಮ್ಮತ ಮೂಡಲಿಲ್ಲ. ಬ್ರಿಟಿಷರು ಬಹುಕಾಲ ಇಂಚನ್ನು ಬಿಡಲಿಲ್ಲ. ಆದರೂ ಕೂತು ಮಾತಾಡುವ ವೇದಿಕೆಯೊಂದು ಉಳಿಯಿತು. 1890ರಲ್ಲಿ ಅವರು ತೀರಿಕೊಂಡರು. ಅವರು ಕಟ್ಟಲು ನೆರವಾದ ಸಂಘಟನೆಯ ಜಾಗದಲ್ಲಿ ಇಂದು ವಿಶ್ವ ಹವಾಮಾನ ಸಂಸ್ಥೆಯಿದೆ. ಅದರ ಒಡಂಬಡಿಕೆ ಜಾರಿಗೆ ಬಂದದ್ದು 1950ರ ಮಾರ್ಚ್ 23ರಂದು. ಆ ದಿನವೇ ವಿಶ್ವ ಹವಾಮಾನ ದಿನ.

ಈ ಜೀವನಕಥೆಯನ್ನು ಚಟುವಟಿಕೆಯೊಂದರ ನಂತರ ಹೇಳಿದರೆ ಹೆಚ್ಚು ಪರಿಣಾಮಕಾರಿ. ಒಂದು ಗುಂಪು ಬೆಳಿಗ್ಗೆ ನೆರಳಿನಲ್ಲಿ, ಇನ್ನೊಂದು ಮಧ್ಯಾಹ್ನ ಬಿಸಿಲಿನಲ್ಲಿ ಉಷ್ಣತೆ ಅಳೆಯಲಿ. ಇಂದು ಎಷ್ಟು ಸೆಕೆಯಿತ್ತು ಎಂದು ಕೇಳಿದರೆ ಎರಡು ಉತ್ತರ ಬರುತ್ತವೆ. ಯಾರದು ಸರಿ ಎಂಬ ವಾದ ಎದ್ದಾಗ ಉತ್ತರ ಕೊಡಬೇಡಿ. ಅಳೆಯುವ ನಿಯಮಗಳನ್ನು ಮಕ್ಕಳೇ ಸೇರಿ ಬರೆಯಲಿ. ವಿಯೆನ್ನಾದಲ್ಲಿ ನಡೆದದ್ದು ಏನೆಂದು ಆಗ ಅವರಿಗೆ ಹೆಚ್ಚು ವಿವರಿಸಬೇಕಾಗುವುದಿಲ್ಲ.