‘ನೈಟ್ ಟ್ರೇನ್’ ಲೇನ್

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದಲ್ಲಿ ಆಸ್ಟಿನ್ ಎಂಬ ನಗರವಿದೆ. 1928ರ ಸುಮಾರಿನಲ್ಲಿ ಒಂದು ದಿನ, ಎಲಾ ಲೇನ್ ಎಂಬ ವಿಧವೆಗೆ ಅಲ್ಲಿನ ಕಸದ ತೊಟ್ಟಿಯೊಂದರಿಂದ ಕ್ಷೀಣವಾದ ದನಿ ಕೇಳಿಸಿತು. ಬೆಕ್ಕಿನ ಕೂಗಿರಬೇಕೆಂದು ಆಕೆ ಮೊದಲು ಭಾವಿಸಿದಳು. ಇಣಿಕಿ ನೋಡಿದಾಗ ವೃತ್ತಪತ್ರಿಕೆಯ ಹಾಳೆಗಳ ನಡುವೆ ಮೂರು ತಿಂಗಳ ಹಸುಗೂಸೊಂದು ಅಳುತ್ತಿತ್ತು. ಎಲಾ ಸಿರಿವಂತೆಯಲ್ಲ, ಸಾಕಬೇಕಾದ ಮಕ್ಕಳು ಆಗಲೇ ಮನೆಯಲ್ಲಿದ್ದರು. ಆದರೂ ಆಕೆ ಆ ಕೂಸನ್ನು ಎತ್ತಿಕೊಂಡಳು. ತನ್ನ ಮನೆತನದ ಹೆಸರನ್ನೇ ಅದಕ್ಕಿತ್ತು, ಹೆತ್ತ ಮಗನಂತೆ ಸಲಹಿದಳು. ಯಾರಿಗೂ ಬೇಡವಾಗಿದ್ದ ಆ ಶಿಶುವೇ ಮುಂದೆ ಜಗತ್ಪ್ರಸಿದ್ಧ ಕ್ರೀಡಾಪಟುವಾದ ರಿಚರ್ಡ್ ಲೇನ್.

ಆಗ ಆಸ್ಟಿನ್ ನಗರದಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಬೇರೆ ಶಾಲೆ, ಬಿಳಿಯರ ಮಕ್ಕಳಿಗೆ ಬೇರೆ ಶಾಲೆ. ರಿಚರ್ಡನು ಓದಿದ್ದು ಕಪ್ಪು ಜನರಿಗೆಂದೇ ಮೀಸಲಾಗಿದ್ದ ಆಂಡರ್ಸನ್ ಪ್ರೌಢಶಾಲೆಯಲ್ಲಿ. ಅಲ್ಲಿಯೇ ಅಮೆರಿಕನ್ ಫುಟ್‌ಬಾಲ್ ಆಟ ಅವನಿಗೆ ಒಲಿಯಿತು. ಶಾಲೆ ಮುಗಿದ ಮೇಲೆ ಅವನು ತನ್ನನ್ನು ಹೆತ್ತ ತಾಯಿಯನ್ನು ಅರಸಿ ನೆಬ್ರಾಸ್ಕ ರಾಜ್ಯದ ಸ್ಕಾಟ್ಸ್‌ಬ್ಲಫ್ ಎಂಬ ಊರಿಗೆ ಹೋದನು. ತೊರೆದವಳ ಮೇಲೆ ಹಗೆ ಸಾಧಿಸದೆ ಆಕೆಯೊಡನೆ ಬಾಳಿದನು. ಅಲ್ಲಿನ ಕಾಲೇಜಿನಲ್ಲಿ ಒಂದು ವರ್ಷ ಓದಿ, ಸೈನ್ಯಕ್ಕೆ ಸೇರಿ, ನಾಲ್ಕು ವರ್ಷ ಸೇವೆ ಸಲ್ಲಿಸಿದನು.

ಸೈನ್ಯದಿಂದ ಹೊರಬಂದ ಲೇನನಿಗೆ ಲಾಸ್ ಏಂಜಲೀಸ್ ನಗರದ ವಿಮಾನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಎಣ್ಣೆ ಸೋರುವ ಲೋಹದ ತಗಡುಗಳನ್ನು ಎತ್ತಿ ಎತ್ತಿ ಇಡುವುದೇ ಆ ಕೆಲಸ. ನಮ್ಮ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ತಗಡು ಹೊರುವ ಕಾರ್ಮಿಕರನ್ನು ಕಂಡವರಿಗೆ ಅದರ ಶ್ರಮವೇನೆಂಬುದು ಗೊತ್ತು. ಲೇನನಿಗೆ ಆ ದುಡಿಮೆ ಹಿಡಿಸಲಿಲ್ಲ. ದಾರಿಯಲ್ಲಿ ‘ರ‍್ಯಾಮ್ಸ್’ ಎಂಬ ಪ್ರಸಿದ್ಧ ವೃತ್ತಿಪರ ತಂಡದ ಕಚೇರಿಯಿತ್ತು. 1934ರಿಂದ ಹನ್ನೆರಡು ವರ್ಷಗಳ ಕಾಲ ರಾಷ್ಟ್ರೀಯ ಲೀಗಿನ ತಂಡಗಳು ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದವು. 1946ರಲ್ಲಿ ಆ ಬಾಗಿಲನ್ನು ಮತ್ತೆ ತೆರೆದ ತಂಡ ಇದೇ. 1952ರಲ್ಲಿ ಲೇನನು ತನ್ನ ಆಟವನ್ನು ಕುರಿತ ಪತ್ರಿಕಾ ತುಣುಕುಗಳನ್ನು ಅಂಟಿಸಿದ್ದ ಪುಸ್ತಕವೊಂದನ್ನು ಹಿಡಿದು ನೇರವಾಗಿ ಆ ಕಚೇರಿಯನ್ನು ಹೊಕ್ಕನು. ತರಬೇತುದಾರ ಜೋ ಸ್ಟೈಡಹಾರ್ ಅವನಿಗೊಂದು ಅವಕಾಶ ಕೊಡಲು ಒಪ್ಪಿದನು.

ಈ ಆಟ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಇದರಲ್ಲಿ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಮುಂದಿರುವ ಜೊತೆಗಾರನಿಗೆ ಎಸೆಯಬಹುದು. ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿದು ಕೆಡಹುವಂತೆ, ಚೆಂಡು ಹಿಡಿದು ಓಡುವವನನ್ನು ರಕ್ಷಕರು ನೆಲಕ್ಕೆ ಕೆಡಹಬೇಕು. ಎದುರಾಳಿ ಎಸೆದ ಚೆಂಡನ್ನು ರಕ್ಷಕನು ನಡುವೆಯೇ ಕಸಿದುಕೊಂಡರೆ ಅದು ಅವನ ತಂಡದ್ದಾಗುತ್ತದೆ. ಲೇನನು ಬಯಸಿದ್ದು ಚೆಂಡು ಹಿಡಿದೋಡುವ ಆಕ್ರಮಣಕಾರನ ಸ್ಥಾನವನ್ನು. ಆದರೆ ಅಲ್ಲಿ ನುರಿತ ಆಟಗಾರರು ಆಗಲೇ ಇದ್ದರು. ಆದುದರಿಂದ ಅವನನ್ನು ರಕ್ಷಣೆಗೆ ನಿಲ್ಲಿಸಲಾಯಿತು. ಬಯಸಿದ್ದು ದೊರೆಯಲಿಲ್ಲವೆಂದು ಅವನು ಮುನಿಸಿಕೊಳ್ಳಲಿಲ್ಲ; ದೊರೆತದ್ದನ್ನೇ ಸಾಧನೆಯ ನೆಲೆಯಾಗಿಸಿಕೊಂಡನು.

ಆ ಮೊದಲ ವರ್ಷದಲ್ಲಿಯೇ ಹನ್ನೆರಡು ಪಂದ್ಯಗಳಲ್ಲಿ ಅವನು ಎದುರಾಳಿಗಳಿಂದ 14 ಬಾರಿ ಚೆಂಡನ್ನು ಕಸಿದನು. ಅನಂತರ ಒಂದು ಋತುವಿನ ಪಂದ್ಯಗಳ ಸಂಖ್ಯೆ ಹದಿನೇಳಕ್ಕೆ ಏರಿದೆ. ಆದರೂ ಆ ದಾಖಲೆಯನ್ನು ಮುರಿದವರಿಲ್ಲ. ಜೊತೆಗಾರ ಟಾಮ್ ಫಿಯರ್ಸ್‌ನ ಕೊಠಡಿಯಲ್ಲಿ ‘ನೈಟ್ ಟ್ರೇನ್’, ಅಂದರೆ ರಾತ್ರಿಯ ರೈಲು, ಎಂಬ ಸಂಗೀತದ ಧ್ವನಿಮುದ್ರಿಕೆ ಸದಾ ಮೊಳಗುತ್ತಿತ್ತು. ಆಟದ ಪಾಠ ಕೇಳಲು ಲೇನನು ಅಲ್ಲಿಗೆ ಹೋಗುತ್ತಿದ್ದುದರಿಂದ ಅವನಿಗೂ ಅದೇ ಹೆಸರಾಯಿತು. ಕತ್ತಲೆಯಿಂದ ನುಗ್ಗಿ ಬರುವ ರೈಲಿನಂತೆ ಅವನು ಎದುರಾಳಿಯ ಮೇಲೆರಗುತ್ತಿದ್ದನು. ಕುತ್ತಿಗೆಗೆ ತೋಳು ಹಾಕಿ ಕೆಡಹುವ ಅವನ ರೀತಿ ಅಪಾಯಕಾರಿಯಾಗಿತ್ತು. ಮುಂದೆ ಆಟದ ನಿಯಮಗಳು ಅಂಥ ಹಿಡಿತವನ್ನು ನಿಷೇಧಿಸಿದವು.

1954ರಲ್ಲಿ ಷಿಕಾಗೊ ಕಾರ್ಡಿನಲ್ಸ್ ತಂಡವನ್ನೂ 1960ರಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡವನ್ನೂ ಸೇರಿ, 1965ರವರೆಗೆ ಲೇನನು ಆಡಿದನು. ಹದಿನಾಲ್ಕು ವರ್ಷಗಳಲ್ಲಿ ಒಟ್ಟು 68 ಬಾರಿ ಚೆಂಡನ್ನು ಕಸಿದನು. ಆದರೆ ಅವನಿದ್ದ ಯಾವ ತಂಡಕ್ಕೂ ಆ ಅವಧಿಯಲ್ಲಿ ಲೀಗಿನ ಪ್ರಶಸ್ತಿ ದೊರೆಯಲಿಲ್ಲ. 1963ರ ಡಿಸೆಂಬರಿನಲ್ಲಿ ಅವನ ಪತ್ನಿ, ಹೆಸರಾಂತ ಗಾಯಕಿ ಡೈನಾ ವಾಷಿಂಗ್ಟನ್, ಮದುವೆಯಾದ ವರ್ಷದಲ್ಲಿಯೇ ತೀರಿಕೊಂಡಳು. ಆ ದುಃಖವನ್ನು ನುಂಗಿಕೊಂಡು ಅವನು ಮತ್ತೆ ಮೈದಾನಕ್ಕಿಳಿದನು. 1974ರಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ ಅವನ ಹೆಸರು ಸೇರಿತು.

ಕೀರ್ತಿ ಬಂದ ಮೇಲೆ ಲೇನನು ತನ್ನ ಮೂಲವನ್ನು ಮರೆಯಲಿಲ್ಲ. 1975ರಿಂದ 1992ರವರೆಗೆ ಡೆಟ್ರಾಯಿಟ್ ನಗರದಲ್ಲಿ ಪೊಲೀಸರು ಮಕ್ಕಳಿಗಾಗಿ ನಡೆಸುತ್ತಿದ್ದ ಕ್ರೀಡಾ ಸಂಘದ ಹೊಣೆ ಹೊತ್ತನು. ಬೀದಿಯ ಪಾಲಾಗಬಹುದಾಗಿದ್ದ ಬಡ ಮಕ್ಕಳನ್ನು ಆ ಸಂಘ ಆಟದ ಮೈದಾನಕ್ಕೆ ಕರೆತಂದಿತು. 2002ರ ಜನವರಿ 29ರಂದು, ತಾನು ಹುಟ್ಟಿದ ಆಸ್ಟಿನ್ ನಗರದಲ್ಲಿಯೇ ಅವನು ಕಣ್ಮುಚ್ಚಿದನು.

ಎದುರಾಳಿಯ ಕೈ ಸೇರಲಿದ್ದ ಚೆಂಡನ್ನು ನಡುವೆಯೇ ಹಿಡಿದು ತನ್ನದಾಗಿಸಿಕೊಂಡ ಆಟಗಾರನೆಂದು ಕ್ರೀಡಾಲೋಕ ಲೇನನನ್ನು ನೆನೆಯುತ್ತದೆ. ಸಾವಿನ ಕೈ ಸೇರಲಿದ್ದ ಕೂಸೊಂದನ್ನು ಅದೇ ರೀತಿ ಹಿಡಿದು ತನ್ನದಾಗಿಸಿಕೊಂಡವಳು ಎಲಾ ಲೇನ್. ಮಗನ ಕೀರ್ತಿಯೆಲ್ಲವೂ ಆ ತಾಯಿಯ ಕರುಣೆಯಿಂದ ಮೊದಲಾಯಿತು.